ಆಫೀಸು ಹೋಯಿತು, ನಂಬರ್ ಉಳಿಯಿತು

ಪುಣೆಯ ಬಾಣೇರ್‌ನಿಂದ ಖರಾಡಿಗೆ ಕುರ್ಚಿ, ಕಂಪ್ಯೂಟರ್ ಸಾಗಿಸಲು ಒಂದು ಶನಿವಾರ ಸಾಕಾಯಿತು. ಫೋನ್ ಲೈನಿಗೆ ಮೂರು ತಿಂಗಳು ಹಿಡಿಯಿತು. ನಮ್ಮದು ಆಸ್ಪತ್ರೆಗಳ ಬಿಲ್ಲಿಂಗ್ ಸಾಫ್ಟ್‌ವೇರ್. ಸಿಸ್ಟಂ ಕೈಕೊಟ್ಟರೆ ಅವರು ಒತ್ತುವುದು ಕೌಂಟರ್ ಗೋಡೆಗೆ ಅಂಟಿಸಿರುವ ನಮ್ಮ ಹಳೇ 020 ನಂಬರನ್ನೇ.

ಮೊಬೈಲ್ ನಂಬರನ್ನು 2011ರಿಂದ ದೇಶದೆಲ್ಲೆಡೆ ಬೇರೆ ಕಂಪನಿಗೆ ಪೋರ್ಟ್ ಮಾಡಬಹುದು; ಲ್ಯಾಂಡ್‌ಲೈನಿಗೆ ಆ ಭಾಗ್ಯವಿಲ್ಲ. ಹಳೇ ಕಂಪನಿಯೇ ಹೊಸ ಕಟ್ಟಡಕ್ಕೆ ಕೇಬಲ್ ಎಳೆಯಬೇಕು. ಮಳೆಗಾಲದಲ್ಲಿ ರಸ್ತೆ ಅಗೆಯಲು ಪಾಲಿಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಕೇಳಿದಾಗಲೆಲ್ಲ ‘ಉದ್ಯಾ ಹೋಈಲ್ ಸಾಹೇಬ್’. ಊರಿನ ಬಾಗಿಲ ಮೇಲಿನ ‘ನಾಳೆ ಬಾ’ ನೆನಪಾಯಿತು!

ಕೊನೆಗೆ ಹಳೇ ಆಫೀಸಿನ ಬಾಡಿಗೆ ಮುಂದುವರಿಸಿ, ಲೈನನ್ನು ಅಲ್ಲೇ ಬಿಟ್ಟು, ಕರೆಗಳನ್ನು ಪಾಳಿಯಲ್ಲಿದ್ದವರ ಮೊಬೈಲಿಗೆ ಫಾರ್ವರ್ಡ್ ಮಾಡಿದೆವು. ಡೇಟಾಕ್ಕೆ ತಾತ್ಕಾಲಿಕವಾಗಿ 4ಜಿ ರೂಟರ್. ಬಾಸ್‌ಗೆ ಆ ಬಾಡಿಗೆ ದಂಡವೆನಿಸಿತು, ನನಗಲ್ಲ. ಎರಡನೇ ಫೈಬರ್ ಮಾತ್ರ ಬೇರೆ ರಸ್ತೆಯಿಂದಲೇ ಬರಲಿ ಎಂದು ಹಟ ಹಿಡಿದೆ. ಕಂಪನಿ ಎರಡಾದರೂ ಡಕ್ಟ್ ಒಂದೇ ಆದರೆ ಜೆಸಿಬಿ ಎರಡನ್ನೂ ಒಟ್ಟಿಗೇ ಕಡಿಯುತ್ತದೆ.

ಆಫೀಸು ಬದಲಾದ ಮೊದಲ ರಾತ್ರಿ ಹನ್ನೊಂದಕ್ಕೆ ಹುಬ್ಬಳ್ಳಿಯಿಂದ ಕರೆ. ‘ಸರ್, ಡಿಸ್ಚಾರ್ಜ್ ಬಿಲ್ ಬರವಲ್ದು, ಪೇಶಂಟ್ ಕಡೇವ್ರು ಕಾಯಾಕತ್ತಾರ.’ ಮಂಚದ ಮೇಲೆ ಲ್ಯಾಪ್‌ಟಾಪ್ ತೆರೆದು ಹತ್ತು ನಿಮಿಷದಲ್ಲಿ ಸರಿಮಾಡಿದೆ. ನಾವು ಆಫೀಸು ಬದಲಿಸಿದ್ದು ಅವರಿಗೆ ಇವತ್ತಿಗೂ ಗೊತ್ತಿಲ್ಲ.