ನೀರಿನಾಳದ ಉಸಿರಿಗೆ ಲೋಹವೋ, ಪ್ಲಾಸ್ಟಿಕ್ಕೋ?

ಕಳೆದ ರಜೆಯಲ್ಲಿ ನಾವು ನಾಲ್ವರು ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗಿದ್ದೆವು. ವಾಪಸ್ ಬಂದಮೇಲೆ ನಮ್ಮದೇ ಒಂದು ರೆಗ್ಯುಲೇಟರ್ ಬೇಕು ಅನ್ನೋ ಹುಚ್ಚು ಹತ್ತಿತು. ಪರಿಚಿತರೊಬ್ಬರ ಹತ್ತಿರ ಪೂರ್ತಿ ಲೋಹದ, ಫಳಫಳ ಹೊಳೆಯುವ ಹಳೇ ಸೆಟ್ ಒಂದಿತ್ತು. ದುಡ್ಡು ಒಟ್ಟುಹಾಕಿ ಕೊಂಡೇಬಿಟ್ಟೆವು. ಸರ್ವಿಸ್‌ಗೆ ಕೊಟ್ಟಾಗ ಟೆಕ್ನಿಷಿಯನ್ ಅದರ ಬಾಯಲ್ಲಿದ್ದ ಪುಟ್ಟ ಫಿಲ್ಟರ್ ತೋರಿಸಿದರು. ಹಸಿರು ಕಿಲುಬು! "ಒಳಗೆ ಉಪ್ಪುನೀರು ಹೋಗಿದೆ. ಇದನ್ನ ಹಾಕ್ಕೊಂಡು ಇಳೀಬೇಡಿ" ಅಂದರು. ಹೊಳಪು ನೋಡಿ ಮೋಸಹೋದ ಮೇಲೆ ನಾವು ಕಲಿತದ್ದು ಇಷ್ಟು.

ಸಿಲಿಂಡರ್‌ನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತೆ. ಸಿಲಿಂಡರ್‌ಗೆ ಕೂರುವ ಫಸ್ಟ್ ಸ್ಟೇಜ್ ಅದನ್ನು ಸುತ್ತಲಿನ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತೆ. ಬಾಯಲ್ಲಿ ಕಚ್ಚಿಕೊಳ್ಳುವ ಸೆಕೆಂಡ್ ಸ್ಟೇಜ್ ಅದನ್ನು ನೀರಿನ ಒತ್ತಡಕ್ಕೇ ಸಮ ಮಾಡಿ ಕೊಡುತ್ತೆ. ಫಸ್ಟ್ ಸ್ಟೇಜ್ ಹೇಗಿದ್ದರೂ ಲೋಹದ್ದೇ. ಹೆಚ್ಚಾಗಿ ಕ್ರೋಮ್ ಲೇಪಿಸಿದ ಹಿತ್ತಾಳೆ. ಹಾಗಾಗಿ 'ಲೋಹವೋ, ಪ್ಲಾಸ್ಟಿಕ್ಕೋ' ಎಂಬ ಚರ್ಚೆಯೆಲ್ಲ ಸೆಕೆಂಡ್ ಸ್ಟೇಜ್ ಬಗ್ಗೆ.

ಲೋಹದ ಮೊದಲ ಲಾಭ ಶಾಖದ್ದು. ಥರ್ಮೋಡೈನಮಿಕ್ಸ್ ಕ್ಲಾಸ್ ನೆನಪಿದೆಯಲ್ವಾ? ಒತ್ತಡದಲ್ಲಿದ್ದ ಗಾಳಿ ಹಿಗ್ಗಿದಾಗ ತಣ್ಣಗಾಗುತ್ತೆ. ನೀರೂ ಬಹಳ ತಣ್ಣಗಿದ್ದರೆ ವಾಲ್ವ್‌ನಲ್ಲಿ ಮಂಜುಗಡ್ಡೆ ಕಟ್ಟಿ ಅದು ತೆರೆದೇ ಉಳಿಯಬಹುದು. ಆಗ ಕೆಲವೇ ನಿಮಿಷಗಳಲ್ಲಿ ಸಿಲಿಂಡರ್ ಖಾಲಿ! ಹಿತ್ತಾಳೆ ಪ್ಲಾಸ್ಟಿಕ್‌ಗಿಂತ ನೂರಾರು ಪಟ್ಟು ಚೆನ್ನಾಗಿ ಶಾಖ ಸಾಗಿಸುವುದರಿಂದ ಸುತ್ತಲಿನ ನೀರಿನ ಬಿಸಿಯನ್ನು ಒಳಗೆ ಎಳೆದುಕೊಳ್ಳುತ್ತೆ. ಎರಡನೆಯ ಲಾಭ ತೇವದ್ದು. ಸಿಲಿಂಡರ್ ಗಾಳಿ ಒಣ ಗಾಳಿ. ನಾವು ಬಿಟ್ಟ ಉಸಿರಿನ ಆವಿ ಲೋಹದ ಒಳಗೋಡೆಯ ಮೇಲೆ ಹನಿಗಟ್ಟಿ, ಮುಂದಿನ ಉಸಿರಿಗೆ ಸ್ವಲ್ಪ ತೇವ ಕೊಡುತ್ತೆ. ಗಂಟಲು ಅಷ್ಟಾಗಿ ಒಣಗುವುದಿಲ್ಲ.

ಆದರೆ ಭಾರ? ಹಿತ್ತಾಳೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ. ಹೊತ್ತು ಹೋದಂತೆ ದವಡೆ ನೋಯುತ್ತೆ. ಟೈಟಾನಿಯಂ 4.5 ಗ್ರಾಂ ಅಷ್ಟೆ, ಸಮುದ್ರದ ನೀರಿಗೂ ಜಗ್ಗಲ್ಲ. ಆದರೆ ಬೆಲೆ ಜಾಸ್ತಿ, ಶಾಖ ಸಾಗಿಸುವುದರಲ್ಲಿ ಹಿತ್ತಾಳೆಗಿಂತ ಬಹಳ ಹಿಂದೆ. ಜೊತೆಗೆ ಆಮ್ಲಜನಕ ಹೆಚ್ಚಿರುವ ಕಡೆ ಟೈಟಾನಿಯಂಗೆ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ. ಅದಕ್ಕೇ 40% ಮೀರಿದ ಆಮ್ಲಜನಕದ ಮಿಶ್ರಣಕ್ಕೆ ಅದನ್ನು ಬಳಸಬಾರದು.

ಹಾಗಾದರೆ ನಮಗೆ ಯಾವುದು? ಯುರೋಪಿನ ಇಎನ್ 250 ಮಾನದಂಡದ ಪ್ರಕಾರ ತಣ್ಣೀರು ಅಂದರೆ 10 ಡಿಗ್ರಿಗಿಂತ ಕೆಳಗೆ. ನಮ್ಮ ಅರಬ್ಬಿ ಸಮುದ್ರ ಬೆಚ್ಚಗಿರುತ್ತೆ. ನೇತ್ರಾಣಿಯಲ್ಲಿ ಮಂಜುಗಡ್ಡೆಯ ಭಯವೇ ಇಲ್ಲ. ಇಲ್ಲಿಗೆ ಒಳ್ಳೆಯ ಪ್ಲಾಸ್ಟಿಕ್ ಸೆಕೆಂಡ್ ಸ್ಟೇಜ್ ಧಾರಾಳ ಸಾಕು. ತಣ್ಣೀರಿನಲ್ಲಿ ಇಳಿಯುವವರು, ಗಂಟಲು ಬೇಗ ಒಣಗುವವರು ಮಾತ್ರ ಲೋಹಕ್ಕೆ ದುಡ್ಡು ಹಾಕಬಹುದು. ಅವರೂ ತಣ್ಣೀರಿಗೆ ಪರೀಕ್ಷೆಯಾದ ಮಾಡೆಲ್ಲನ್ನೇ ಕೇಳಿ ತಗೋಬೇಕು. ಬರೀ ಲೋಹ ಅಂದರೆ ಸಾಲದು.

ಅದಕ್ಕೂ ಮೊದಲು ಮೂರು ಪ್ರಶ್ನೆ ಕೇಳಿ. ನಿಮ್ಮ ಊರಿಗೆ ಹತ್ತಿರದಲ್ಲಿ ಇದನ್ನು ಸರ್ವಿಸ್ ಮಾಡುವವರು, ಬಿಡಿಭಾಗ ಕೊಡುವವರು ಇದ್ದಾರಾ? ಸಿಲಿಂಡರ್ ಖಾಲಿಯಾಗುತ್ತಾ ಬಂದರೂ ಉಸಿರೆಳೆಯುವ ಶ್ರಮ ಹೆಚ್ಚದಂಥ ಬ್ಯಾಲೆನ್ಸ್ಡ್ ವಿನ್ಯಾಸವಾ? ನೀವು ಹೋಗುವ ಕಡೆಯ ಸಿಲಿಂಡರ್‌ಗೆ ಇದು ಕೂರುತ್ತಾ? ಹಳೆಯದಾದರೆ ಫಿಲ್ಟರ್ ನೋಡದೆ ದುಡ್ಡು ಕೊಡಬೇಡಿ. ಕೊಂಡ ಮೇಲೆ ಪ್ರತಿ ಸಲ ಡಸ್ಟ್ ಕ್ಯಾಪ್ ಬಿಗಿಯಾಗಿ ಹಾಕಿ, ಸಿಹಿನೀರಿನಲ್ಲಿ ತೊಳೆಯಿರಿ. ಆ ಮುಚ್ಚಳ ಮರೆತರೆ ನೀರು ಒಳಗೆ ಹೋಗುತ್ತೆ, ಕಿಲುಬು ಶುರುವಾಗೋದೇ ಹಾಗೆ.

ನಮ್ಮ ಸೆಟ್ ರಿಪೇರಿ ಖರ್ಚು ಕೊಂಡ ಬೆಲೆಯನ್ನೇ ಮೀರಿತ್ತು. ಈಗ ಅದು ಹಾಸ್ಟೆಲ್ ಮೇಜಿನ ಮೇಲೆ ಬಿಚ್ಚಿದ ಸ್ಥಿತಿಯಲ್ಲಿದೆ. ಜೂನಿಯರ್‌ಗಳಿಗೆ ವಾಲ್ವ್ ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸಲು ಚೆನ್ನಾಗಿದೆ. ಮುಂದಿನ ಸಲ ನೇತ್ರಾಣಿಗೆ ಬಾಡಿಗೆಯ ಪ್ಲಾಸ್ಟಿಕ್ ರೆಗ್ಯುಲೇಟರೇ ಸೈ. ಇಳಿಯುವ ಮುನ್ನ ಫಿಲ್ಟರ್ ಮಾತ್ರ ನಾವೇ ನೋಡುತ್ತೇವೆ.