ಊರಿಗೆ ಬಂದ ವೆಬ್ ಡಿಸೈನರ್

ಬೆಂಗಳೂರು ಬಸ್ಸು ಹಿರಿಯೂರು ನಿಲ್ದಾಣಕ್ಕೆ ಬಂದು ನಿಂತಾಗ ಇನ್ನೂ ಪೂರ್ತಿ ಬೆಳಕಾಗಿರುವುದಿಲ್ಲ. ಟೀ ಅಂಗಡಿಯ ಸ್ಟೌ ಭೋರೆನ್ನುತ್ತಿರುತ್ತದೆ. ಇಳಿದ ಹುಡುಗನ ಬೆನ್ನಿಗೊಂದು ಬ್ಯಾಗು, ಕಂಕುಳಲ್ಲಿ ಹಗ್ಗ ಬಿಗಿದ ಹಾಸಿಗೆ ಸುರುಳಿ. ಹಬ್ಬಕ್ಕೆ, ಜಾತ್ರೆಗೆ ಬರುವವರು ಹಾಸಿಗೆ ತರುವುದಿಲ್ಲ. ಹಾಸಿಗೆ ಬಂತೆಂದರೆ ರೂಮು ಖಾಲಿಯಾಯಿತು, ಕೆಲಸ ಹೋಯಿತು. 2001ರಲ್ಲಿ ಹೊಸದುರ್ಗದ ಬಸ್ಸಿಗೆ ಕಾಯುತ್ತ ನಿಂತ ಇಂಥ ಹುಡುಗರನ್ನು ಅಲ್ಲಿ ಎಷ್ಟೋ ಸಲ ಕಂಡಿದ್ದೇನೆ.

ಆ ಬಸ್ಸು ವಾಣಿವಿಲಾಸಪುರದ ಮೇಲೆ ಹೋಗುತ್ತದೆ. 1933ರಲ್ಲಿ ತುಂಬಿದ್ದ ಅಲ್ಲಿನ ಮಾರಿಕಣಿವೆ ಜಲಾಶಯ ಅಲ್ಲಿಯತನಕ ಮತ್ತೆ ಕೋಡಿ ಬಿದ್ದಿರಲಿಲ್ಲ; 2001ರಲ್ಲಂತೂ ಬರ. ಗರಿ ಜೋತುಬಿದ್ದ ತೆಂಗಿನ ತೋಟಗಳು. ಅವೇ ತೋಟಗಳ ಕೊಬ್ಬರಿ ಮಾರಿದ ದುಡ್ಡು ಮಗನ ಕಂಪ್ಯೂಟರ್ ಕೋರ್ಸಿಗೆ ಫೀಸಾಗಿ ಹೋಗಿತ್ತು. ಅಂಗಳದಲ್ಲಿ ಇಳಿಸಿದ ಹಾಸಿಗೆ ನೋಡಿಯೂ ಅವ್ವ ಕೇಳುವುದು ಬೇರೆ: “ರಾತ್ರಿ ಏನಾದ್ರೂ ಉಂಡಿದ್ಯೇನಪ್ಪ?” ಅಪ್ಪ ಸ್ವಲ್ಪ ಹೊತ್ತು ಬಿಟ್ಟು, “ಕಂಪ್ನಿಯೋರು ಮತ್ತೆ ಕರೀತಾರಂತಾ?”

“ಮುಚ್ಚೇಬಿಟ್ರಪ್ಪ.”

ಎರಡು ವರ್ಷದ ಹಿಂದೆ ಇದೇ ವೆಬ್ ಡಿಸೈನ್ ಕೆಲಸಕ್ಕೆ ಎಂಥ ಬೆಲೆ! 1999ರ ನವೆಂಬರಿನಲ್ಲಿ ಸತ್ಯಂ ಇನ್ಫೋವೇ ಕಂಪನಿ ಇಂಡಿಯಾವರ್ಲ್ಡ್ ಜಾಲತಾಣಗಳನ್ನು 499 ಕೋಟಿ ರೂಪಾಯಿಗೆ ಕೊಳ್ಳಲು ಒಪ್ಪಿತ್ತು. 2000ದ ಮಾರ್ಚ್ 10ರಂದು ಅಮೆರಿಕದ ನಾಸ್ಡಾಕ್ ಷೇರು ಸೂಚ್ಯಂಕ 5048ಕ್ಕೆ ಏರಿ ನಿಂತಿತು. 2002ರ ಅಕ್ಟೋಬರ್ ಹೊತ್ತಿಗೆ 1114ಕ್ಕೆ ಕುಸಿಯಿತು. ಲಾಭದ ಮುಖ ಕಾಣದ ಜಾಲತಾಣ ಕಂಪನಿಗಳು ಹೂಡಿಕೆದಾರರ ದುಡ್ಡಿನಲ್ಲಿ ಸಂಬಳ ಕೊಡುತ್ತಿದ್ದವು. ಆ ದುಡ್ಡು ನಿಂತಿತು, ಸಂಬಳವೂ ನಿಂತಿತು. ಊರಲ್ಲಿ ಮಾತ್ರ ಹುಡುಗನಿಗೇ ಕೆಲಸ ಬರುವುದಿಲ್ಲವೆಂದು ಆಡಿಕೊಂಡರು. ಅದು ನನಗೆ ಇವತ್ತಿಗೂ ಸಹಿಸಲಾಗದ ಮಾತು.

ಈ ಹುಡುಗರ ಕೆಲಸ ನೋಡಿದವರಿಗೆ ಗೊತ್ತು. ನೋಟ್‌ಪ್ಯಾಡಿನಲ್ಲಿ ಒಂದೊಂದೇ ಸಾಲು ಎಚ್‌ಟಿಎಂಎಲ್ ಬರೆಯಬೇಕು. ಟೇಬಲ್ಲಿನ ಒಳಗೆ ಟೇಬಲ್ ಕೂರಿಸಿ ಪುಟ ಕಟ್ಟಬೇಕು. ಡಯಲ್-ಅಪ್ ಮೋಡೆಮ್ ಕಿರುಗುಟ್ಟಿ ಲೈನ್ ಸಿಕ್ಕ ಮೇಲೂ ಚಿತ್ರ ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯುತ್ತಿತ್ತು; ಅರ್ಧಕ್ಕೆ ಫೋನ್ ಕಡಿದರೆ ಮತ್ತೆ ಮೊದಲಿನಿಂದ. ಅದಕ್ಕೇ ಬಣ್ಣ ಕೆಡದಂತೆ ಚಿತ್ರದ ಗಾತ್ರ ಇಳಿಸುವುದರಲ್ಲಿ ಅವರ ಜಾಣ್ಮೆಯೆಲ್ಲ ಇತ್ತು. ಕನ್ನಡವಾದರೆ ಇನ್ನೂ ಕಷ್ಟ. ನೋಡುವವರ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದಿದ್ದರೆ ತೆರೆ ತುಂಬ ಗೊಜಲು. ಎಷ್ಟೋ ಸಲ ಕನ್ನಡ ಶೀರ್ಷಿಕೆಯನ್ನೇ ಚಿತ್ರವಾಗಿ ಕತ್ತರಿಸಿ ಅಂಟಿಸುತ್ತಿದ್ದರು, ಒತ್ತಕ್ಷರದ ಬಾಲ ತುಂಡಾಗದ ಹಾಗೆ ನೋಡಿಕೊಂಡು.

ಚಿತ್ರದುರ್ಗದ ಸೈಬರ್ ಸೆಂಟರು. ಪ್ಲೈವುಡ್ ಗೂಡುಗಳು, ಗಂಟೆ ಲೆಕ್ಕದ ಬಾಡಿಗೆ. ಹೊರಗೆ ಬಿಸಿಲಿಗೆ ಕಾದ ಕೋಟೆಯ ಬಂಡೆಗಳು. ಒಳಗೆ ನೌಕರಿ ಡಾಟ್ ಕಾಮಿಗೆ ರೆಸ್ಯೂಮೆ ಕಳಿಸುತ್ತ ಕೂತವನ ಜೇಬಿನಲ್ಲಿ ಒಂದು ಫ್ಲಾಪಿ: ತಾನು ಮಾಡಿದ ಪುಟಗಳೆಲ್ಲ ಅದರಲ್ಲಿವೆ. ಆ ತಾಣಗಳು ಈಗ ತೆರೆಯುವುದಿಲ್ಲ. ಕೆಲಸ ಕೇಳುವಾಗ ತೋರಿಸಲು ಉಳಿದಿರುವುದು ಆ ಫ್ಲಾಪಿಯಷ್ಟೆ. ಕರೆಂಟು ಹೋದರೆ ಎಲ್ಲರೂ ಎದ್ದು ಬಾಗಿಲಿಗೆ ಬರುತ್ತಾರೆ, ಒಬ್ಬರ ಮುಖ ಒಬ್ಬರು ನೋಡುತ್ತಾರೆ, ಹೆಚ್ಚು ಮಾತಿಲ್ಲ.

ಇತ್ತ ಅದೇ ಕಾಲಕ್ಕೆ ಸರ್ಕಾರದ ‘ಭೂಮಿ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳಿಗೆ ಕಂಪ್ಯೂಟರ್ ಬಂತು. ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಅದರೊಳಗೆ ಸೇರಿದವು. 15 ರೂಪಾಯಿಗೆ ಮುದ್ರಿತ ಪಹಣಿ ಕೈಗೆ ಸಿಗತೊಡಗಿತು. ಕಚೇರಿಗಳ ಆಸುಪಾಸಿನಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿಗಳು ಎದ್ದವು. ಊರಿಗೆ ಬಂದವರಲ್ಲಿ ಕೆಲವರು ಅಲ್ಲೇ ಕೂತರು. ಮದುವೆ ಕಾರ್ಡು, ಗಣಪತಿ ಹಬ್ಬದ ರಸೀದಿ ಪುಸ್ತಕ, ತಹಶೀಲ್ದಾರರಿಗೆ ಅರ್ಜಿ.

ಹೊಳಲ್ಕೆರೆಯ ಅಂಥ ಒಂದು ಅಂಗಡಿ. ಮುದುಕರೊಬ್ಬರು ಪಹಣಿ ಜೆರಾಕ್ಸಿಗೆ ಚಾಚಿದ್ದಾರೆ. ಹುಡುಗ ಗಾಜಿನ ಮೇಲಿಡುವ ಮೊದಲು ಒಮ್ಮೆ ಓದುತ್ತಾನೆ.

“ಅಜ್ಜ, ನಿಮ್ಮಪ್ಪನ ಹೆಸರಲ್ಲಿ ಒತ್ತಕ್ಷರ ಬಿಟ್ಟೈತೆ. ಹಿಂಗೇ ಬಿಟ್ರೆ ನಾಳೆ ಬ್ಯಾಂಕಿನೋರು ಸಾಲ ಕೊಡಲ್ಲ. ಕೂತ್ಕಳಿ, ಅರ್ಜಿ ಟೈಪ್ ಮಾಡಿಕೊಡ್ತೀನಿ.”

ಸ್ಟೂಲು ಎಳೆದು ಕೊಟ್ಟು, ‘ನುಡಿ’ ತಂತ್ರಾಂಶ ತೆರೆದು, ದಿನಾಂಕದಿಂದ ಶುರು ಮಾಡಿದ.