ಮೂರ್ಛೆರೋಗದ ಮಾತ್ರೆ: ನಡುವೆ ನಿಲ್ಲಿಸಬೇಡಿ

ಮಗುವಿಗೆ ಫಿಟ್ಸ್ ಬಂದು ಆರು ತಿಂಗಳಾಯಿತು. ಮತ್ತೆ ಬಂದಿಲ್ಲ. ‘ಇನ್ನೇಕೆ ಮಾತ್ರೆ? ಅದರಿಂದ ಬುದ್ಧಿ ಮಂಕಾಗುತ್ತದಂತೆ’ ಎಂದು ಯಾರೋ ನೆಂಟರು ಹೇಳುತ್ತಾರೆ. ತಂದೆತಾಯಿಗೂ ಹೌದೆನಿಸುತ್ತದೆ. ಮಾತ್ರೆ ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಫಿಟ್ಸ್ ಮರಳುತ್ತದೆ, ಕೆಲವೊಮ್ಮೆ ಮೊದಲಿಗಿಂತ ಜೋರಾಗಿ. ಮೂರ್ಛೆರೋಗದ ಚಿಕಿತ್ಸೆಯಲ್ಲಿ ಮತ್ತೆ ಮತ್ತೆ ನಡೆಯುವ ತಪ್ಪು ಇದು. ಮಾತ್ರೆ ದೇಹದೊಳಗೆ ಏನು ಮಾಡುತ್ತದೆಂದು ತಿಳಿದರೆ ಇದನ್ನು ತಪ್ಪಿಸಬಹುದು.

ಪೆಡಲು ಮತ್ತು ಬ್ರೇಕು

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಅವು ಸಂದೇಶ ಕಳಿಸುವುದು ವಿದ್ಯುತ್ ಮಿಡಿತಗಳ ಮೂಲಕ. ನರಕೋಶದ ಪೊರೆಯಲ್ಲಿರುವ ಅತಿ ಸೂಕ್ಷ್ಮ ಬಾಗಿಲುಗಳು ತೆರೆದು ಸೋಡಿಯಂ ಅಯಾನುಗಳು ಒಳನುಗ್ಗಿದಾಗ ಈ ಮಿಡಿತ ಹುಟ್ಟುತ್ತದೆ. ಅದು ಅತಿಯಾಗದಂತೆ ತಡೆಯಲು ‘ಗಾಬಾ’ ಎಂಬ ರಾಸಾಯನಿಕವಿದೆ. ಸೈಕಲ್ಲಿಗೆ ಪೆಡಲೂ ಬೇಕು, ಬ್ರೇಕೂ ಬೇಕು; ಮಿದುಳಿಗೂ ಹಾಗೆಯೇ. ಈ ಸಮತೋಲ ತಪ್ಪಿ ಅಸಂಖ್ಯ ನರಕೋಶಗಳು ಒಟ್ಟಿಗೆ, ಎಡೆಬಿಡದೆ ಮಿಡಿಯತೊಡಗಿದರೆ ಅದೇ ಫಿಟ್ಸ್. ತರಗತಿಯ ಮಕ್ಕಳೆಲ್ಲ ಒಮ್ಮೆಲೇ ಕೂಗಿದರೆ ಪಾಠ ನಿಲ್ಲುವಂತೆ, ಮಿದುಳಿನ ಕೆಲಸ ಆಗ ಅಸ್ತವ್ಯಸ್ತವಾಗುತ್ತದೆ. ದೆವ್ವ, ಶಾಪಗಳಿಗೆ ಇಲ್ಲಿ ಎಡೆಯಿಲ್ಲ.

ಮಾತ್ರೆಗಳ ಕೆಲಸ ಈ ಸಮತೋಲವನ್ನು ಕಾಯುವುದು. ಫೆನಿಟಾಯಿನ್, ಕಾರ್ಬಮಜೆಪಿನ್‌ಗಳು ಸೋಡಿಯಂ ಬಾಗಿಲುಗಳು ಪದೇ ಪದೇ ತೆರೆಯದಂತೆ ನೋಡಿಕೊಳ್ಳುತ್ತವೆ. ಸಹಜ ವೇಗದ ಮಿಡಿತಕ್ಕೆ ಇವು ಹೆಚ್ಚು ಅಡ್ಡಿಮಾಡವು. ಕಡಿವಾಣ ಬೀಳುವುದು ಮುಖ್ಯವಾಗಿ ಅತಿವೇಗಕ್ಕೆ. ಆದ್ದರಿಂದಲೇ ಮಾತ್ರೆ ನುಂಗುವ ಮಗು ಓದಬಲ್ಲದು, ಆಡಬಲ್ಲದು. ಫಿನೋಬಾರ್ಬಿಟೋನ್, ಕ್ಲೊಬಜಾಮ್‌ಗಳು ಗಾಬಾದ ಬ್ರೇಕನ್ನು ಬಲಪಡಿಸುತ್ತವೆ.

ಫಿನೋಬಾರ್ಬಿಟೋನಿನ ಈ ಗುಣವನ್ನು 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್, ಫೆನಿಟಾಯಿನಿನದನ್ನು 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪಟ್ನಮ್ ತೋರಿಸಿಕೊಟ್ಟರು. ವಾಲ್‌ಪ್ರೊಯೇಟಿನದು ಆಕಸ್ಮಿಕ. ಫ್ರಾನ್ಸಿನಲ್ಲಿ 1962ರಲ್ಲಿ ಬೇರೆ ಔಷಧಗಳನ್ನು ಕರಗಿಸಲು ಅದನ್ನು ಬಳಸುತ್ತಿದ್ದಾಗ, ಫಿಟ್ಸ್ ತಡೆಯುತ್ತಿರುವುದು ಆ ದ್ರಾವಕವೇ ಎಂದು ತಿಳಿಯಿತು.

ಸೋರುವ ತೊಟ್ಟಿ

ಈ ಮಾತ್ರೆಗಳು ರೋಗದ ಬೇರನ್ನು ಕೀಳುವುದಿಲ್ಲ. ರಕ್ತದಲ್ಲಿ ತಕ್ಕ ಮಟ್ಟದಲ್ಲಿ ಇರುವಷ್ಟು ಕಾಲ ಫಿಟ್ಸನ್ನು ತಡೆಯುತ್ತವೆ. ಅಡಿಯಲ್ಲಿ ಸಣ್ಣ ತೂತಿರುವ ನೀರಿನ ತೊಟ್ಟಿಯನ್ನು ಊಹಿಸಿಕೊಳ್ಳಿ. ಯಕೃತ್ತು ಮತ್ತು ಮೂತ್ರಪಿಂಡಗಳು ಔಷಧವನ್ನು ಸತತವಾಗಿ ಹೊರಹಾಕುತ್ತಿರುತ್ತವೆ. ಹೊತ್ತುಹೊತ್ತಿನ ಮಾತ್ರೆ ಅದನ್ನು ತುಂಬಿಕೊಡುತ್ತದೆ. ಮಟ್ಟ ತಗ್ಗಿದರೆ ಫಿಟ್ಸ್; ಮೀರಿದರೆ ತೂಕಡಿಕೆ, ತಲೆಸುತ್ತು, ತೂರಾಟ.

ಮರೆತ ಮಾತ್ರೆಗೆ ಬದಲಾಗಿ ಮುಂದಿನ ಹೊತ್ತಿಗೆ ಎರಡನ್ನು ನುಂಗಬಾರದೆನ್ನುವುದೂ ಇದಕ್ಕೇ. ಫೆನಿಟಾಯಿನ್ ವಿಷಯದಲ್ಲಂತೂ ವಿಶೇಷ ಎಚ್ಚರ ಬೇಕು. ಅದನ್ನು ಒಡೆಯುವ ಯಕೃತ್ತಿನ ಕಿಣ್ವಗಳಿಗೆ ಒಂದು ಮಿತಿಯಿದೆ. ಆ ಮಿತಿ ತಲಪಿದ ಮೇಲೆ ಮಾತ್ರೆಯ ಪ್ರಮಾಣ ಸ್ವಲ್ಪವೇ ಏರಿದರೂ ರಕ್ತದಲ್ಲಿನ ಮಟ್ಟ ಬಹಳ ಏರಿಬಿಡುತ್ತದೆ. ಕ್ಷಯರೋಗದ ಐಸೊನಿಯಾಜಿಡ್ ಕೂಡ ಈ ಮಟ್ಟವನ್ನು ಏರಿಸಬಲ್ಲದು. ಆದ್ದರಿಂದ ಯಾವುದೇ ಕಾಯಿಲೆಗೆ ವೈದ್ಯರಲ್ಲಿ ಹೋದರೂ ಫಿಟ್ಸ್ ಮಾತ್ರೆಯ ಚೀಟಿ ತೋರಿಸಬೇಕು.

ಗಮನಿಸಬೇಕಾದ್ದು

ಅಡ್ಡ ಪರಿಣಾಮಗಳು ಇಲ್ಲವೆಂದಲ್ಲ. ಕಾರ್ಬಮಜೆಪಿನ್, ಫೆನಿಟಾಯಿನ್, ಲಮೋಟ್ರಿಜಿನ್ ಆರಂಭಿಸಿದ ಮೊದಲ ವಾರಗಳಲ್ಲಿ ಮೈಮೇಲೆ ದದ್ದು, ಬಾಯಲ್ಲಿ ಹುಣ್ಣು, ಜ್ವರ ಕಂಡರೆ ಅಂದೇ ವೈದ್ಯರನ್ನು ಕಾಣಬೇಕು. ಅಪರೂಪಕ್ಕೆ ಇದು ಪ್ರಾಣಾಪಾಯಕ್ಕೆ ತಿರುಗುತ್ತದೆ. ಫೆನಿಟಾಯಿನಿನಿಂದ ವಸಡು ಊದಬಹುದು. ಹಲ್ಲಿನ ಶುಚಿತ್ವ ಮುಖ್ಯ. ಗರ್ಭಿಣಿಯರು ವಾಲ್‌ಪ್ರೊಯೇಟ್ ಸೇವಿಸಿದರೆ 100ರಲ್ಲಿ ಸುಮಾರು 10 ಶಿಶುಗಳಿಗೆ ಹುಟ್ಟು ನ್ಯೂನತೆ ಬರುತ್ತದೆ. ಕಲಿಕೆಯ ತೊಂದರೆಯೂ ಉಂಟು. ಹೆಣ್ಣುಮಕ್ಕಳ ಪೋಷಕರು ಇದನ್ನು ವೈದ್ಯರೊಡನೆ ಮೊದಲೇ ಚರ್ಚಿಸಬೇಕು, ತಾವಾಗಿ ನಿಲ್ಲಿಸಬಾರದು.

ದಕ್ಷಿಣ ಕರ್ನಾಟಕದಲ್ಲಿ ತಲೆಗೆ ಬಿಸಿನೀರು ಹುಯ್ದುಕೊಂಡಾಗ ಬರುವ ಫಿಟ್ಸ್ ಹೆಚ್ಚು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಇದನ್ನು ವಿಶೇಷವಾಗಿ ಅಧ್ಯಯನ ಮಾಡಿದ್ದಾರೆ. ನೀರಿನ ಬಿಸಿ ತಗ್ಗಿಸುವುದರಿಂದಲೇ ಅನೇಕರಿಗೆ ಗುಣ ಕಾಣುತ್ತದೆ. ಕೆಲವರಿಗೆ ತಲೆಸ್ನಾನದ ಮುಂಚೆ ಮಾತ್ರ ಕ್ಲೊಬಜಾಮ್ ಕೊಡುವುದುಂಟು.

ಫಿಟ್ಸ್ ಬಂದಾಗ ಕಬ್ಬಿಣ, ಬೀಗದ ಕೈ ಹಿಡಿಸುವುದರಿಂದ ಪ್ರಯೋಜನವಿಲ್ಲ. ಬಾಯಿಗೆ ಏನನ್ನೂ ಹಾಕದೆ, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು.

ಹಾಗಾದರೆ ಮಾತ್ರೆ ಜೀವನಪೂರ್ತಿಯೇ? ಎಲ್ಲರಿಗೂ ಅಲ್ಲ. ಸಾಮಾನ್ಯವಾಗಿ ಎರಡು ವರ್ಷ ಅಥವಾ ಹೆಚ್ಚು ಕಾಲ ಫಿಟ್ಸ್ ಇಲ್ಲದಿದ್ದರೆ ವೈದ್ಯರು ಪರೀಕ್ಷಿಸಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ ನಿಲ್ಲಿಸುವುದುಂಟು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಸರಿಯಾದ ಚಿಕಿತ್ಸೆ ದೊರೆತರೆ 100ರಲ್ಲಿ 70 ರೋಗಿಗಳವರೆಗೆ ಫಿಟ್ಸ್ ಇಲ್ಲದೆ ಬದುಕಬಲ್ಲರು. ಇದಕ್ಕೆ ದುಬಾರಿ ಔಷಧವೇ ಬೇಕೆಂದಿಲ್ಲ. ಯಳಂದೂರು ಭಾಗದ ಹಳ್ಳಿಗಳಲ್ಲಿ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ನಡೆಸಿದ, 2001ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನ ಅಗ್ಗದ ಫಿನೋಬಾರ್ಬಿಟೋನ್, ಫೆನಿಟಾಯಿನ್‌ಗಳಿಂದಲೇ ರೋಗವನ್ನು ಹತೋಟಿಗೆ ತರಬಹುದೆಂದು ತೋರಿಸಿತು.

ಮನೆಯವರು ಮಾಡಬೇಕಾದ್ದು ಇಷ್ಟೆ: ಮಾತ್ರೆಗೆ ಹೊತ್ತು ಗೊತ್ತುಮಾಡಿ, ತರಗತಿಯ ಶಿಕ್ಷಕರಿಗೆ ವಿಷಯ ತಿಳಿಸಿ, ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಹೊಸದನ್ನು ತಂದಿಡಿ. ಪರೀಕ್ಷೆಯ ದಿನಗಳಲ್ಲಿ ನಿದ್ದೆಗೆಡಬೇಡಿ, ನಿದ್ದೆಗೇಡೂ ಫಿಟ್ಸಿಗೆ ದಾರಿ.